ಜರ್ಮನಿಯಲ್ಲಿ ಹಳೆಯ ಕಾರಿಗೆ ಬಿಡಿಭಾಗ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

1994ರ ಮಾರ್ಚ್‌ನಲ್ಲಿ ನೋಂದಣಿಯಾದ ಮರ್ಸಿಡಿಸ್ ಇ 200 ಕಾರೊಂದನ್ನು ಹತ್ತು ವರ್ಷಗಳಿಂದ ಸ್ಟುಟ್‌ಗಾರ್ಟ್ ಸುತ್ತಮುತ್ತ ಓಡಿಸುತ್ತಿದ್ದೇನೆ. ಈ ಸಾಲಿನ ಕಾರುಗಳಿಗೆ ಕಂಪನಿಯೊಳಗಿನ ಹೆಸರು ಡಬ್ಲ್ಯು 124. ಜರ್ಮನಿಗೆ ಕೆಲಸಕ್ಕೆ ಬಂದು ಹಳೆಯ ಕಾರು ಕೊಂಡ ಕನ್ನಡಿಗರು ಬಿಡಿಭಾಗಗಳ ಬಗ್ಗೆ ನನ್ನನ್ನು ಕೇಳುತ್ತಲೇ ಇರುತ್ತಾರೆ. ಹೆಚ್ಚು ಸಲ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗಳು ನನ್ನ ಕಾರಿನವು, ಆದರೆ ದಾರಿ ಎಲ್ಲ ಕಾರುಗಳಿಗೂ ಹೆಚ್ಚುಕಡಿಮೆ ಒಂದೇ.

ಮೂವತ್ತು ವರ್ಷದ ಕಾರಿಗೆ ನಿಜವಾಗಿಯೂ ಬಿಡಿಭಾಗ ಸಿಗುತ್ತದೆಯೇ?

ಸಿಗುತ್ತದೆ. ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದು ಕಾರು ಎಷ್ಟು ಹಳೆಯದು ಎನ್ನುವುದಕ್ಕಿಂತ ಎಷ್ಟು ಮಾರಾಟವಾಗಿತ್ತು ಎನ್ನುವುದರ ಮೇಲೆ ನಿಂತಿದೆ. ಡಬ್ಲ್ಯು 124 ಸಾಲಿನ ಕಾರುಗಳು 25 ಲಕ್ಷಕ್ಕೂ ಹೆಚ್ಚು ತಯಾರಾದವು. ಹಾಗಾಗಿ ಬ್ರೇಕ್, ಸಸ್ಪೆನ್ಷನ್, ಫಿಲ್ಟರ್, ಬೆಲ್ಟ್, ನೀರಿನ ಪಂಪ್‌ಗಳಂಥ ಸವೆಯುವ ಭಾಗಗಳನ್ನು ಇಂದು ಆರ್ಡರ್ ಮಾಡಿದರೆ ನಾಡಿದ್ದು ಮನೆ ಬಾಗಿಲಿಗೆ ಬರುತ್ತವೆ. ಕಷ್ಟ ಕೊಡುವುದು ಒಳಾಂಗಣದ ಪ್ಲಾಸ್ಟಿಕ್, ಸೀಟಿನ ಬಟ್ಟೆ, ಬಾಗಿಲಿನ ರಬ್ಬರ್ ಪಟ್ಟಿ, ಎಲೆಕ್ಟ್ರಾನಿಕ್ ಪೆಟ್ಟಿಗೆಗಳು. ಇನ್ನೂ ಕಾರು ಕೊಂಡಿಲ್ಲವೆಂದರೆ ಎಂಜಿನ್ ಸದ್ದು ಕೇಳಿ ಮರುಳಾಗಬೇಡಿ, ಸೀಟು ಮತ್ತು ಡ್ಯಾಶ್‌ಬೋರ್ಡ್ ನೋಡಿ. ಎಂಜಿನ್ ಭಾಗ ಸಿಕ್ಕೇ ಸಿಗುತ್ತದೆ. ಬಿರುಕು ಬಿಟ್ಟ ಡ್ಯಾಶ್‌ಬೋರ್ಡಿಗೆ ಬದಲಿ ಹುಡುಕುವುದು ವರ್ಷಗಟ್ಟಲೆಯ ಕೆಲಸ.

ಹುಡುಕಾಟವನ್ನು ಎಲ್ಲಿಂದ ಶುರು ಮಾಡಬೇಕು?

ಅಂಗಡಿಯಿಂದಲ್ಲ, ಭಾಗದ ಸಂಖ್ಯೆಯಿಂದ. ಇದೊಂದನ್ನು ರೂಢಿಸಿಕೊಂಡರೆ ಮುಂದಿನದೆಲ್ಲ ಅರ್ಧಕ್ಕರ್ಧ ಸಲೀಸು. ‘ಭಾಗ ಎಲ್ಲೂ ಸಿಗುತ್ತಿಲ್ಲ’ ಎಂದು ಬಂದವರನ್ನು ‘ಸಂಖ್ಯೆ ಏನು?’ ಎಂದು ಕೇಳಿದರೆ, ಬಹುಪಾಲು ಮಂದಿಯ ಬಳಿ ಅದು ಇರುವುದಿಲ್ಲ. ಹೆಸರು ಹೇಳಿ ಹುಡುಕಿದರೆ ಅಂಗಡಿಯವನು ತನ್ನ ಬಳಿ ಇರುವುದನ್ನು ತೋರಿಸುತ್ತಾನೆ. ಸಂಖ್ಯೆ ಹೇಳಿದರೆ ನಿಮಗೆ ಬೇಕಾದದ್ದನ್ನೇ ಹುಡುಕುತ್ತಾನೆ.

ಮೊದಲು ನೋಂದಣಿ ಪತ್ರ ತೆಗೆಯಿರಿ. ಇಲ್ಲಿನವರು ಅದನ್ನು ಫಾರ್‌ತ್ಸೋಯ್ಗ್‌ಶೈನ್ ಎನ್ನುತ್ತಾರೆ. ಅದರಲ್ಲಿ 2.1 ಮತ್ತು 2.2 ಎಂಬ ಎರಡು ಚೌಕಗಳಿವೆ. ಮೊದಲನೆಯದರಲ್ಲಿ ತಯಾರಕರ ಸಂಕೇತದ ನಾಲ್ಕು ಅಂಕಿ, ಎರಡನೆಯದರಲ್ಲಿ ಮಾದರಿಯ ಸಂಕೇತ. ಮಾದರಿಯ ಸಂಕೇತದಲ್ಲಿ ಮೊದಲ ಮೂರು ಅಕ್ಷರಗಳು ಸಾಕು. ಆನ್‌ಲೈನ್ ಅಂಗಡಿಗಳೆಲ್ಲ ಕೇಳುವುದು ಈ ಎರಡನ್ನೇ. ಆದರೆ ಇವು ಕಾರಿನ ಜಾತಿಯನ್ನು ಹೇಳುತ್ತವೆಯೇ ಹೊರತು ನಿಮ್ಮದೇ ಕಾರನ್ನು ಗುರುತಿಸುವುದಿಲ್ಲ. ಅದನ್ನು ಗುರುತಿಸುವುದು ‘ಇ’ ಚೌಕದಲ್ಲಿರುವ 17 ಅಕ್ಷರದ ಚಾಸಿ ಸಂಖ್ಯೆ. ನನ್ನ ಕಾರಿನದು ಡಬ್ಲ್ಯುಡಿಬಿ 124019 ಎಂದು ಶುರುವಾಗುತ್ತದೆ. 124 ಎಂದರೆ ಸಾಲು, 019 ಎಂದರೆ ಎರಡು ಲೀಟರಿನ ಎಂ 111 ಎಂಜಿನ್ ಇರುವ ಮಾದರಿ.

ಈ ಚಾಸಿ ಸಂಖ್ಯೆ ಹಿಡಿದು ಕಂಪನಿಯ ಅಧಿಕೃತ ಡೀಲರ್ ಬಳಿ ಇರುವ ಬಿಡಿಭಾಗದ ಕೌಂಟರಿಗೆ ಹೋಗಿ. ಅಲ್ಲೇ ಕೊಳ್ಳಬೇಕೆಂದೇನಿಲ್ಲ. ಸಣ್ಣದೊಂದು ಫಿಲ್ಟರ್ ಕೊಂಡು, ಬೇಕಾದ ಭಾಗದ ಸಂಖ್ಯೆಯನ್ನು ವಿನಯದಿಂದ ಕೇಳಿ. ಕೌಂಟರಿನ ಹಳಬರು ಹಳೆಯ ಕಾರಿನವರನ್ನು ಪ್ರೀತಿಯಿಂದಲೇ ಕಾಣುತ್ತಾರೆ. ನನ್ನ ಅನುಭವದಲ್ಲಿ ಯಾರೂ ಮುಖ ಸಿಂಡರಿಸಿಲ್ಲ.

ಮರ್ಸಿಡಿಸ್ ಸಂಖ್ಯೆಯನ್ನು ಓದಲು ಕಲಿತರೆ ಇನ್ನೂ ಒಳ್ಳೆಯದು. ‘ಎ’ ಅಕ್ಷರದ ನಂತರದ ಮೂರು ಅಂಕಿಗಳು ಆ ಭಾಗವನ್ನು ಮೊದಲು ಯಾವ ಸಾಲಿಗೆ ರೂಪಿಸಿದರು ಎಂದು ಹೇಳುತ್ತವೆ. ಮುಂದಿನ ಎರಡು ಅಂಕಿಗಳು ಗುಂಪನ್ನು ಸೂಚಿಸುತ್ತವೆ: 33 ಮುಂದಿನ ಆಕ್ಸಲ್, 42 ಬ್ರೇಕ್, 46 ಸ್ಟೀರಿಂಗ್, 82 ವಿದ್ಯುತ್ ಉಪಕರಣ. ಎಂಜಿನ್ನಿನ ಭಾಗವಾದರೆ 124ರ ಬದಲು 111 ಎಂದು ಶುರುವಾಗಬಹುದು. ಸಂತೆಯಲ್ಲಿ ಯಾರೋ ಗುರುತು ಸಿಗದ ಭಾಗವೊಂದನ್ನು ಕೈಗೆ ಕೊಟ್ಟರೂ ಇಷ್ಟು ಗೊತ್ತಿದ್ದರೆ ಅದು ಎಲ್ಲಿಯದು ಎಂದು ಹೇಳಬಹುದು.

ಅದೇ ಮಾದರಿ, ಅದೇ ವರ್ಷ ಎಂದು ನೋಡಿಯೇ ಕೊಂಡೆ. ಆದರೂ ಕೂರಲಿಲ್ಲ. ಏಕೆ?

ನನಗೂ ಹೀಗೇ ಆಗಿತ್ತು. ಮೊದಲ ವರ್ಷ ಮುಂದಿನ ಬ್ರೇಕ್ ಪ್ಯಾಡ್ ತರಿಸಿದೆ. ಮಾದರಿ ಸರಿ, ಎಂಜಿನ್ ಸರಿ, ವರ್ಷ ಸರಿ. ಶನಿವಾರ ಚಕ್ರ ಬಿಚ್ಚಿ ಹಳೆಯ ಪ್ಯಾಡ್ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿದರೆ ಆಕಾರವೇ ಬೇರೆ. ಕಾರ್ಖಾನೆಯಲ್ಲಿ ಈ ಕಾರುಗಳಿಗೆ ಒಂದೇ ಕಾಲದಲ್ಲಿ ಇಬ್ಬರು ಪೂರೈಕೆದಾರರ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಹಿಡಿದು ಒತ್ತುವ ಭಾಗ) ಹಾಕುತ್ತಿದ್ದರು: ಎಟಿಇ ಮತ್ತು ಗರ್ಲಿಂಗ್. ಒಂದರ ಪ್ಯಾಡ್ ಇನ್ನೊಂದಕ್ಕೆ ಆಗುವುದಿಲ್ಲ. ಕ್ಯಾಲಿಪರ್ ಮೇಲಿನ ಧೂಳನ್ನು ತಂತಿ ಬ್ರಷ್ಷಿನಿಂದ ಉಜ್ಜಿದಾಗ ಎರಕದಲ್ಲೇ ಮೂಡಿದ್ದ ಹೆಸರು ಕಾಣಿಸಿತು. ಅದನ್ನು ಮೊದಲೇ ನೋಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಆರ್ಡರ್ ಮಾಡುವ ಮೊದಲು ಹಳೆಯ ಭಾಗವನ್ನು ಕಣ್ಣಾರೆ ನೋಡಿ, ಅಳತೆ ತೆಗೆದು, ಫೋಟೊ ಹಿಡಿಯುತ್ತೇನೆ. ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನಗಳೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕು ಇಲ್ಲಿದೆ. ಆದರೆ ಕಾರಿಗೆ ಜೋಡಿಸಿ ಗ್ರೀಸ್ ಮೆತ್ತಿಕೊಂಡ ಭಾಗಕ್ಕೆ ಪೂರ್ತಿ ಹಣ ಬರುತ್ತದೆಂದು ನೆಚ್ಚಬೇಡಿ.

ನನಗೆ ಜರ್ಮನ್ ಅಷ್ಟಾಗಿ ಬಾರದು. ನಿಭಾಯಿಸಬಹುದೇ?

ಇಪ್ಪತ್ತು ಪದ ಸಾಕು. ಇಂಗ್ಲಿಷ್ ಹೆಸರಿನಿಂದ ಹುಡುಕಿದರೆ ಹೊರದೇಶದ ದುಬಾರಿ ಅಂಗಡಿಗಳು ಮುಂದೆ ಬರುತ್ತವೆ. ಜರ್ಮನ್ ಹೆಸರಿನಿಂದ ಹುಡುಕಿದರೆ ಪಕ್ಕದ ಊರಿನ ಶೆಡ್ಡಿನಲ್ಲಿರುವ ಭಾಗ ಕಾಣಿಸುತ್ತದೆ.

ಆಲ್ಟರ್ನೇಟರ್ ಇಲ್ಲಿ ಲಿಶ್ಟ್‌ಮಾಶೀನೆ, ಅಂದರೆ ಬೆಳಕಿನ ಯಂತ್ರ. ಬ್ರೇಕ್ ಕ್ಯಾಲಿಪರ್ ಬ್ರೆಮ್ಸ್‌ಸಾಟಲ್, ಕುದುರೆಯ ಜೀನಿನ ಹಾಗೆ ಡಿಸ್ಕ್ ಮೇಲೆ ಕೂರುವುದರಿಂದ. ಮಡ್‌ಗಾರ್ಡ್ ಎಂದರೆ ಕೋಟ್‌ಫ್ಲ್ಯೂಗಲ್, ಕೆಸರಿನ ರೆಕ್ಕೆ. ಸ್ಟಾರ್ಟರ್ ಆನ್‌ಲಾಸರ್, ರೇಡಿಯೇಟರ್ ಕ್ಯೂಲರ್, ಕಂಟ್ರೋಲ್ ಆರ್ಮ್ ಕ್ವೇರ್‌ಲೆಂಕರ್, ಅದರ ಬಾಲ್ ಜಾಯಿಂಟ್ ಟ್ರಾಗ್‌ಗೆಲೆಂಕ್, ಟೈ ರಾಡ್ ಶ್ಪೂರ್‌ಶ್ಟಾಂಗೆ. ಗ್ಯಾಸ್ಕೆಟ್ಟಿಗೆ ಡಿಶ್ಟುಂಗ್ ಎನ್ನುತ್ತಾರೆ. ಕಾವ್ಯಕ್ಕೂ ಈ ಭಾಷೆಯಲ್ಲಿ ಅದೇ ಪದ. ಗೊತ್ತಾದ ದಿನ ನನಗೆ ಖುಷಿಯಾಗಿತ್ತು.

ಹೆಸರಿನ ಜೊತೆ ಎಡ, ಬಲ, ಮುಂದೆ, ಹಿಂದೆ ಎಂಬುದಕ್ಕೆ ಲಿಂಕ್ಸ್, ರೆಶ್ಟ್ಸ್, ಫೋರ್ನೆ, ಹಿಂಟನ್ ಕಲಿಯಿರಿ. ಎಡಬಲವನ್ನು ಯಾವಾಗಲೂ ಕಾರಿನೊಳಗೆ ಕೂತು ಮುಂದೆ ನೋಡುತ್ತಿರುವವರ ಕಡೆಯಿಂದ ಎಣಿಸುತ್ತಾರೆ.

ಕಂಪನಿಯ ಒರಿಜಿನಲ್ಲೇ ಬೇಕೇ? ಬೇರೆಯದು ಡೂಪ್ಲಿಕೇಟ್ ಅಲ್ಲವೇ?

ನಮ್ಮಲ್ಲಿ ಒರಿಜಿನಲ್, ಡೂಪ್ಲಿಕೇಟ್ ಎಂದು ಎರಡೇ ಜಾತಿ ಮಾಡಿ ರೂಢಿ. ಇಲ್ಲಿ ನಡುವೆ ಮೂರನೆಯದೊಂದಿದೆ, ಮತ್ತು ಜಾಣರು ಕೊಳ್ಳುವುದು ಅದನ್ನೇ. ಕಾರು ಕಂಪನಿ ಎಲ್ಲ ಭಾಗಗಳನ್ನೂ ತಾನೇ ತಯಾರಿಸುವುದಿಲ್ಲ. ಸಸ್ಪೆನ್ಷನ್ ಭಾಗ ಲೆಮ್‌ಫರ್ಡರ್, ಷಾಕ್ ಅಬ್ಸಾರ್ಬರ್ ಜಾಕ್ಸ್, ಇಗ್ನಿಷನ್ ಬಾಷ್, ಫಿಲ್ಟರ್ ಮಾನ್, ಬ್ರೇಕ್ ಎಟಿಇ, ಹೀಗೆ ಬೇರೆ ಬೇರೆ ಕಂಪನಿಗಳು ಮಾಡಿಕೊಡುತ್ತವೆ. ಅದೇ ಕಾರ್ಖಾನೆ ಅದೇ ಭಾಗವನ್ನು ತನ್ನ ಹೆಸರಿನ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಮಾರುತ್ತದೆ. ಒಮ್ಮೆ ತರಿಸಿದ ಲೆಮ್‌ಫರ್ಡರ್ ಭಾಗದ ಮೇಲೆ ನಾಣ್ಯದಷ್ಟಗಲ ಹೊಳೆಯುವ ಜಾಗವಿತ್ತು. ಅಲ್ಲಿದ್ದ ಮರ್ಸಿಡಿಸ್‌ನ ಮೂರು ಮೊನೆಯ ನಕ್ಷತ್ರವನ್ನು ಉಜ್ಜಿ ತೆಗೆದಿದ್ದರು. ಭಾಗ ಅದೇ, ಗುರುತು ಮಾತ್ರ ಇಲ್ಲ.

ಹೆಸರೇ ಕೇಳದ ಅಗ್ಗದ ಮಾಲನ್ನು ಸ್ಟೀರಿಂಗ್, ಬ್ರೇಕ್, ಸಸ್ಪೆನ್ಷನ್‌ಗೆ ಹಾಕಬೇಡಿ. ಎರಡೇ ವರ್ಷದಲ್ಲಿ ರಬ್ಬರ್ ಬುಷ್ ಸೀಳಿದ್ದನ್ನು ನೋಡಿದ್ದೇನೆ. ಬ್ರೇಕ್ ಪ್ಯಾಡಿನ ಮೇಲೆ ಇಸಿಇ ಆರ್ 90 ಅನುಮೋದನೆಯ ಗುರುತಿದೆಯೇ ಎಂದು ತಪ್ಪದೆ ನೋಡಿ.

‘ಈ ಭಾಗ ನಿಂತುಹೋಗಿದೆ’ ಎಂದು ಡೀಲರ್ ಹೇಳಿದರು. ಮುಂದೇನು?

ಕಂಪ್ಯೂಟರಿನಲ್ಲಿ ‘ಎಂಟ್‌ಫೆಲ್ಟ್’ ಎಂದು ಬಂದರೆ ಎದೆಗುಂದಬೇಡಿ. ಆ ಸಂಖ್ಯೆಯ ಬದಲು ಬೇರೆ ಸಂಖ್ಯೆ ಬಂದಿದೆಯೇ ಎಂದು ಮೊದಲು ಕೇಳಿ. ಹಳೆಯ ಸಂಖ್ಯೆ ಸತ್ತು ಹೊಸದು ಹುಟ್ಟುವುದು ಈ ಲೋಕದಲ್ಲಿ ಸಾಮಾನ್ಯ. ಎರಡನೆಯದಾಗಿ, ಸ್ಟುಟ್‌ಗಾರ್ಟ್ ಪಕ್ಕದ ಫೆಲ್‌ಬಾಖ್‌ನಲ್ಲಿ 1993ರಿಂದ ಮರ್ಸಿಡಿಸ್‌ನವರದೇ ಕ್ಲಾಸಿಕ್ ಸೆಂಟರ್ ಇದೆ. ಹಳೆಯ ಕಾರುಗಳ ಕೆಲವು ಭಾಗಗಳನ್ನು ಕಂಪನಿ ಮತ್ತೆ ತಯಾರಿಸುವುದೂ ಉಂಟು. ಆದ್ದರಿಂದ ಇಂದು ಇಲ್ಲವೆಂದದ್ದನ್ನು ಮುಂದಿನ ವರ್ಷ ಮತ್ತೊಮ್ಮೆ ಕೇಳಿ.

ಆಮೇಲೆ ಸಂತೆಗಳು. ಅಕ್ಟೋಬರ್‌ನಲ್ಲಿ ಮಾನ್‌ಹೈಮ್‌ನಲ್ಲಿ ನಡೆಯುವ ವೆಟೆರಾಮಾಕ್ಕೆ ಒಮ್ಮೆಯಾದರೂ ಹೋಗಿ. ಟಾರ್ಪಾಲಿನ್ ಹಾಸಿ, ಅದರ ಮೇಲೆ ಕಾರ್ಬ್ಯುರೇಟರ್, ಮೀಟರ್, ದೀಪ, ಹಬ್‌ಕ್ಯಾಪ್‌ಗಳನ್ನು ಹರಡಿಕೊಂಡು ಕೂತವರ ಸಾಲು ಮುಗಿಯುವುದೇ ಇಲ್ಲ. ನಮ್ಮೂರಿನ ಜಾತ್ರೆಯಲ್ಲಿ ನಡೆದಂತೆ ನಡೆಯಬೇಕು, ನಿಧಾನವಾಗಿ, ಬಗ್ಗಿ ನೋಡುತ್ತ. ಬೇಕಾದ ಸಂಖ್ಯೆಗಳ ಚೀಟಿ ಜೇಬಿನಲ್ಲಿರಲಿ. ಚಿಲ್ಲರೆ ನಗದೂ ಇರಲಿ.

ಗುಜರಿಯಿಂದ ಭಾಗ ತರಬಹುದೇ?

ತರಬಹುದು. ಶ್ರೊಟ್‌ಪ್ಲಾಟ್ಸ್ ಎಂದು ಕೇಳಿ. ಕೆಲವು ಕಡೆ ಅವರೇ ಬಿಚ್ಚಿ ಕೊಡುತ್ತಾರೆ, ಕೆಲವು ಕಡೆ ನೀವೇ ಸ್ಪ್ಯಾನರ್ ಹಿಡಿದು ಒಳಗೆ ಹೋಗಬಹುದು. ಸ್ವಿಚ್, ಮೀಟರ್, ಬಾಗಿಲ ಹಿಡಿಕೆ, ಸೀಟು, ಕಿಟಕಿಯ ಮೋಟಾರ್ ಇಂಥವಕ್ಕೆ ಗುಜರಿಯೇ ಸರಿ. ಬ್ರೇಕ್ ಹೋಸ್ ಪೈಪ್, ರಬ್ಬರ್ ಬುಷ್, ಸೀಟ್ ಬೆಲ್ಟ್ ಹಳೆಯದನ್ನು ತರಲೇಬೇಡಿ.

ತಗಡಿನ ಭಾಗ ಬೇಕಿದ್ದರೆ ಒಂದು ಮಾತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ತಗಡಿಗೆ ಅದರಿಂದ ತುಕ್ಕು ಹಿಡಿಯುತ್ತದೆ. 1989ರ ನಂತರದ ಡಬ್ಲ್ಯು 124ರಲ್ಲಿ ಬಾಗಿಲ ಕೆಳಭಾಗಕ್ಕೆ ಪ್ಲಾಸ್ಟಿಕ್ ಹೊದಿಕೆ ಇದೆ. ವಿನ್ಯಾಸದ ಮುಖ್ಯಸ್ಥರಾಗಿದ್ದ ಬ್ರೂನೊ ಸಾಕ್ಕೊ ಅವರ ಹೆಸರಿನಲ್ಲಿ ಅದನ್ನು ‘ಸಾಕ್ಕೊ ಹಲಗೆ’ ಎಂದೇ ಕರೆಯುತ್ತಾರೆ. ನೋಡಲು ಚೆಂದ, ತುಕ್ಕು ಮನೆಮಾಡುವುದೂ ಅದರ ಹಿಂದೆಯೇ. ಹಾಗಾಗಿ ಬಾಗಿಲು, ಮಡ್‌ಗಾರ್ಡ್‌ಗಳನ್ನು ಸ್ಪೇನ್, ಇಟಲಿ ಕಡೆಯಿಂದ ತರಿಸುವವರಿದ್ದಾರೆ. ಸಾಗಣೆ ಖರ್ಚು ಸೇರಿಸಿದರೂ ತುಕ್ಕು ಹಿಡಿದದ್ದನ್ನು ಟಿಂಕರಿಂಗ್ ಮಾಡಿಸುವುದಕ್ಕಿಂತ ಲೇಸು.

ಖಾಸಗಿ ಜಾಹೀರಾತು ನೋಡಿ ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆ?

ಕ್ಲೈನ್‌ಆನ್‌ತ್ಸೈಗನ್ ಎಂಬ ಜಾಹೀರಾತು ಜಾಲತಾಣದಲ್ಲಿ ಒಳ್ಳೆಯ ಮಾಲು ಸಿಗುತ್ತದೆ, ಕೆಟ್ಟ ಮಂದಿಯೂ ಸಿಗುತ್ತಾರೆ. ಭಾಗದ ಮೇಲೆ ಅಚ್ಚಾಗಿರುವ ಸಂಖ್ಯೆ ಕಾಣುವಂತೆ, ಪಕ್ಕದಲ್ಲಿ ಅಂದಿನ ದಿನಾಂಕ ಬರೆದ ಚೀಟಿ ಇಟ್ಟು ಫೋಟೊ ಕಳಿಸಲು ಕೇಳಿ. ನಿಜವಾಗಿಯೂ ಭಾಗ ಇರುವವರು ಐದು ನಿಮಿಷದಲ್ಲಿ ಕಳಿಸುತ್ತಾರೆ. ಪೇಪಾಲ್‌ನಲ್ಲಿ ‘ಸ್ನೇಹಿತರು ಮತ್ತು ಕುಟುಂಬ’ ಎಂಬ ದಾರಿಯಲ್ಲಿ ಹಣ ಹಾಕಿ ಎಂದರೆ ಅಲ್ಲಿಗೇ ಬಿಡಿ. ಅದಕ್ಕೆ ಕೊಳ್ಳುವವರ ರಕ್ಷಣೆ ಇಲ್ಲ. ಸಾಧ್ಯವಾದರೆ ರೈಲು ಹತ್ತಿ ಹೋಗಿ ಕೈಯಾರೆ ತನ್ನಿ. ಹಾಗೆ ಹೋದಾಗಲೆಲ್ಲ ಕಾಫಿ ಸಿಕ್ಕಿದೆ, ಕೇಳದ ಭಾಗಗಳೂ ಸಿಕ್ಕಿವೆ.

ಕಾರು ಕಾರಣವಿಲ್ಲದೆ ನಡುಗುತ್ತದೆ, ನಿಂತುಹೋಗುತ್ತದೆ. ಯಾವ ಭಾಗ ಬದಲಿಸಲಿ?

1992ರಿಂದ 1995ರ ನಡುವಿನ ಮರ್ಸಿಡಿಸ್ ಆಗಿದ್ದರೆ, ಎಂಜಿನ್ ಎಂ 111 ಅಥವಾ ಎಂ 104 ಆಗಿದ್ದರೆ, ಬೇರೆ ಭಾಗಕ್ಕೆ ದುಡ್ಡು ಸುರಿಯುವ ಮೊದಲು ಎಂಜಿನ್ನಿನ ವೈರಿಂಗ್ ನೋಡಿ. ಆ ವರ್ಷಗಳ ತಂತಿಯ ಹೊದಿಕೆ ಎಂಜಿನ್ನಿನ ಬಿಸಿಗೆ ಒಣಗಿ ಪುಡಿಯಾಗುತ್ತದೆ. ನನ್ನ ಕಾರಿನಲ್ಲಿ ಥ್ರಾಟಲ್ ಹತ್ತಿರದ ಕನೆಕ್ಟರಿನ ಟೇಪು ಬಿಚ್ಚಿ ತಂತಿಯನ್ನು ಮೆಲ್ಲಗೆ ಬಾಗಿಸಿದೆ. ಹೊದಿಕೆ ಸುಟ್ಟ ಹಪ್ಪಳದಂತೆ ಪಟಪಟನೆ ಮುರಿದು ಬಿತ್ತು, ಒಳಗಿನ ತಾಮ್ರ ಬೆತ್ತಲೆಯಾಗಿ ಹೊಳೆಯಿತು. ಒಂದಕ್ಕೊಂದು ತಾಗಿ ಶಾರ್ಟ್ ಆದರೆ ದುಬಾರಿ ಕಂಟ್ರೋಲ್ ಪೆಟ್ಟಿಗೆಯೂ ಹೋಗುತ್ತದೆ. ಅದಕ್ಕೂ ಮೊದಲು ನಾನು ಸ್ಪಾರ್ಕ್ ಪ್ಲಗ್, ಕಾಯಿಲ್ ಎಂದು ಎರಡು ಭಾಗ ಬದಲಿಸಿದ್ದೆ. ಎರಡೂ ಸರಿಯಾಗಿಯೇ ಇದ್ದವು.

ಈ ವೈರಿಂಗ್ ಕಟ್ಟಿಗೆ ಇಲ್ಲಿ ಮೋಟೊರ್‌ಕಾಬೆಲ್‌ಬೌಮ್ ಎನ್ನುತ್ತಾರೆ, ಎಂಜಿನ್ನಿನ ಕೇಬಲ್ ಮರ. ಹೊಸದು ಕೊಳ್ಳಬಹುದು. ಇಲ್ಲವೇ ಹಳೆಯದನ್ನು ಪರಿಣತರಿಗೆ ಕಳಿಸಿ, ಅವೇ ಕನೆಕ್ಟರ್‌ಗಳಿಗೆ ಹೊಸ ತಂತಿ ಹಾಕಿಸಬಹುದು. ನಾನು ಎರಡನೆಯದನ್ನು ಮಾಡಿಸಿದೆ, ಈಗಲೂ ಚೆನ್ನಾಗಿದೆ. ಗುಜರಿಯಿಂದ ಮಾತ್ರ ತರಬೇಡಿ, ಅಲ್ಲಿರುವುದೂ ಅಷ್ಟೇ ಹಳೆಯ ಹಪ್ಪಳ.

ಊರಿನಿಂದ ತರಿಸಿಕೊಂಡರೆ ಅಗ್ಗವಲ್ಲವೇ?

ಕೆಲವು ಭಾಗಗಳಿಗೆ ಹೌದು. 1995ರಿಂದ ಪುಣೆಯಲ್ಲಿ ಇದೇ ಸಾಲಿನ ಕಾರುಗಳನ್ನು, ಇ 220 ಮತ್ತು ಇ 250 ಡೀಸೆಲ್, ಜೋಡಿಸುತ್ತಿದ್ದರು. ಇ 220ರ ಎಂಜಿನ್ ನನ್ನ ಕಾರಿನ ಎಂಜಿನ್ನಿನ ಅಣ್ಣ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಚೆನ್ನೈನ ಪುದುಪೇಟೆಯಲ್ಲಿ ಕೇಳಿ ನೋಡಿ. ಹಿಂದಿನ ಸೀಟಿನ ಪ್ಲಾಸ್ಟಿಕ್, ಸ್ವಿಚ್, ಬ್ಯಾಡ್ಜ್, ಕ್ಲಿಪ್‌ಗಳಂಥ ಸಣ್ಣಪುಟ್ಟವು ಒಳ್ಳೆಯ ಸ್ಥಿತಿಯಲ್ಲಿ ಸಿಗಬಹುದು.

ಆದರೆ ನಮ್ಮ ಕಾರುಗಳಿಗೆ ಸ್ಟೀರಿಂಗ್ ಬಲಕ್ಕೆ. ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಬಾಕ್ಸ್, ಪೆಡಲ್ ಜೋಡಣೆ ಇಲ್ಲಿ ಪ್ರಯೋಜನವಿಲ್ಲ. ಹೆಡ್‌ಲೈಟಂತೂ ಬೇಡವೇ ಬೇಡ. ರಸ್ತೆಯ ಎಡಬದಿಯಲ್ಲಿ ಓಡುವ ಕಾರಿನ ಹೆಡ್‌ಲೈಟ್ ಎಡ ಅಂಚಿಗೆ ಹೆಚ್ಚು ಬೆಳಕು ಚೆಲ್ಲುತ್ತದೆ. ಇಲ್ಲಿ ಅದು ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ಹೊರಗಿನಿಂದ ನೋಡಲು ಎರಡೂ ಒಂದೇ ತರಹ. ಗಾಜಿನ ಮೇಲಿನ ಅಕ್ಷರಗಳನ್ನು ಓದಿ: ವೃತ್ತದೊಳಗೆ ‘ಇ’ ಮತ್ತು ಒಂದು ಅಂಕಿ ಇರುವುದು ಅನುಮೋದನೆಯ ಗುರುತು. ಅದರ ಬಳಿ ಬಲಕ್ಕೆ ತೋರಿಸುವ ಒಂಟಿ ಬಾಣವಿದ್ದರೆ ಅದು ಎಡಬದಿ ಸಂಚಾರದ ದೀಪ. ತಪಾಸಣೆಯಲ್ಲಿ ಪಾಸಾಗುವುದಿಲ್ಲ.

ಅಮ್ಮ, ಅತ್ತೆ, ಮಾವ ಬರುವಾಗ ಸೂಟ್‌ಕೇಸಿನಲ್ಲಿ ತರಿಸುವ ಆಸೆ ಎಲ್ಲರಿಗೂ ಇರುತ್ತದೆ. ಏರ್‌ಬ್ಯಾಗ್ ಖಂಡಿತ ಕೂಡದು. ಪೆಟ್ರೋಲ್ ವಾಸನೆ ಉಳಿದಿರುವ ಬಳಸಿದ ಪಂಪ್‌ನಂಥದ್ದೂ ಕೂಡದು. ವಿಮಾನದಲ್ಲಿ ಬರುವ ಪ್ರಯಾಣಿಕರಿಗೆ ಒಟ್ಟು 430 ಯೂರೊ ಮೌಲ್ಯದ ವಸ್ತುಗಳವರೆಗೆ ಸುಂಕವಿಲ್ಲ, ಬಿಲ್ ಜೊತೆಗಿರಲಿ. ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಮುಂದೆ ನಿಂತು ‘ಇದೇನು?’ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಹಿರಿಯರು. ಅದಕ್ಕೇ ನಾನು ಅಂಗೈಗಿಂತ ದೊಡ್ಡ ಭಾಗವನ್ನು ಅವರ ಕೈಯಲ್ಲಿ ತರಿಸುವುದಿಲ್ಲ.

ಬ್ರಿಟನ್, ಜಪಾನ್, ಅಮೆರಿಕದಿಂದ ಅಂಚೆಯಲ್ಲಿ ತರಿಸಿದರೆ?

ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದದ್ದಕ್ಕೆ 2021ರ ಜುಲೈ 1ರಿಂದ ಬೆಲೆ ಎಷ್ಟೇ ಕಡಿಮೆಯಿದ್ದರೂ ಶೇಕಡ 19ರಷ್ಟು ಆಮದು ತೆರಿಗೆ ಕಟ್ಟಬೇಕು. ಬ್ರಿಟನ್ ಕೂಡ ಈಗ ಹೊರಗೇ. ಪೋಲೆಂಡ್, ನೆದರ್‌ಲ್ಯಾಂಡ್ಸ್, ಇಟಲಿಯಿಂದ ತರಿಸಿದರೆ ಈ ತಲೆನೋವಿಲ್ಲ.

ವಾಹನ ತಪಾಸಣೆಯಲ್ಲಿ ಫೇಲಾಯಿತು. ಭಾಗ ಬರುವವರೆಗೆ ಎಷ್ಟು ಸಮಯವಿದೆ?

ಎಲ್ಲರೂ ‘ಟ್ಯೂಫ್’ ಎಂದೇ ಕರೆಯುವ ಈ ತಪಾಸಣೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ‘ಗಣನೀಯ ದೋಷ’ ಎಂದು ಬರೆದುಕೊಟ್ಟರೆ ಒಂದು ತಿಂಗಳೊಳಗೆ ಸರಿಪಡಿಸಿ ಮರಳಿ ತೋರಿಸಬೇಕು. ವರದಿಯಲ್ಲಿ ಭಾಗದ ಹೆಸರು, ಎಡವೋ ಬಲವೋ ಎಂಬುದೆಲ್ಲ ಇರುತ್ತದೆ. ಅದೇ ನಿಮ್ಮ ಕೊಳ್ಳುವ ಪಟ್ಟಿ. ಒಮ್ಮೆ ನನ್ನ ಕಾರಿನ ಮುಂದಿನ ಎಡ ಬಾಲ್ ಜಾಯಿಂಟ್ ಸಡಿಲವೆಂದು ಬರೆದರು. ಎಡದ್ದು ಹೋದರೆ ಬಲದ್ದೂ ಅದೇ ವಯಸ್ಸಿನದು, ಎರಡನ್ನೂ ಒಟ್ಟಿಗೆ ತರಿಸಿದೆ.

ನನ್ನ ಸಲಹೆ: ತಪಾಸಣೆಗೆ ಎರಡು ತಿಂಗಳು ಮೊದಲೇ ನಂಬಿಕೆಯ ಮೆಕ್ಯಾನಿಕ್ ಬಳಿ ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಹಳೆಯ ಕಾರಿನ ಭಾಗಕ್ಕೆ ತಿಂಗಳ ಗಡುವು ಕೆಲವೊಮ್ಮೆ ಸಾಲುವುದಿಲ್ಲ.

ನಾನೇ ತಂದ ಭಾಗವನ್ನು ಗ್ಯಾರೇಜಿನವರು ಹಾಕಿಕೊಡುತ್ತಾರೆಯೇ?

ಅನೇಕರು ಒಪ್ಪುವುದಿಲ್ಲ. ಭಾಗ ಕೈಕೊಟ್ಟರೆ ಹೊಣೆ ಯಾರದು ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಮೊದಲೇ ಫೋನ್ ಮಾಡಿ ಕೇಳಿ. ಇನ್ನೊಂದು ದಾರಿ ಮೀಟ್‌ವೆರ್ಕ್‌ಶ್ಟಾಟ್: ಲಿಫ್ಟ್ ಮತ್ತು ಉಪಕರಣಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಜಾಗ. ಬಾಲ್ ಜಾಯಿಂಟ್ ಪ್ರೆಸ್ ಮಾಡಿ ಕೂರಿಸಬೇಕಾದ ಭಾಗ, ಮನೆ ಮುಂದೆ ಸುತ್ತಿಗೆಯಿಂದ ಆಗುವ ಕೆಲಸವಲ್ಲ. ನಾನು ಅದನ್ನು ಅಲ್ಲಿ ಹಾಕಿದ ಶನಿವಾರ ಪಕ್ಕದ ಲಿಫ್ಟಿನಲ್ಲಿದ್ದ ಹಿರಿಯರೊಬ್ಬರು ತಮ್ಮ ಕೆಲಸ ಬಿಟ್ಟು ಬಂದು ಪ್ರೆಸ್ ಹಿಡಿಯುವುದನ್ನು ತೋರಿಸಿಕೊಟ್ಟರು.

ಬಿಲ್ಲಿನಲ್ಲಿ ‘ಪ್ಫಾಂಡ್’ ಎಂದು ಹೆಚ್ಚಿಗೆ ಹಣ ಹಾಕಿದ್ದಾರೆ. ಏನದು?

ನೀರಿನ ಬಾಟಲಿಗೆ ಕಟ್ಟುವ ಠೇವಣಿಯಂಥದ್ದೇ. ಕ್ಯಾಲಿಪರ್, ಆಲ್ಟರ್ನೇಟರ್, ಸ್ಟಾರ್ಟರ್‌ಗಳ ಹಳೆಯ ಭಾಗ ಹಿಂದಿರುಗಿಸಿದರೆ ಹಣ ವಾಪಸ್ ಬರುತ್ತದೆ. ಹೊಸದು ಬಂದ ಡಬ್ಬಿ ಎಸೆಯಬೇಡಿ, ಹಳೆಯದನ್ನು ಅದರಲ್ಲೇ ಕಳಿಸಬಹುದು.

ಕಾರಿಗೆ ಮೂವತ್ತು ತುಂಬಿದರೆ ‘ಎಚ್’ ಫಲಕ ಮಾಡಿಸಬೇಕೇ? ಅದಕ್ಕೂ ಬಿಡಿಭಾಗಕ್ಕೂ ಏನು ಸಂಬಂಧ?

ಮೊದಲ ನೋಂದಣಿಯಾಗಿ 30 ವರ್ಷವಾದ, ಚೆನ್ನಾಗಿ ಕಾಪಾಡಿಕೊಂಡ ಕಾರಿಗೆ ನಂಬರ್ ಪ್ಲೇಟಿನ ಕೊನೆಯಲ್ಲಿ ‘ಐತಿಹಾಸಿಕ’ ಎಂಬುದನ್ನು ಸೂಚಿಸುವ ‘ಎಚ್’ ಅಕ್ಷರ ಸಿಗುತ್ತದೆ. ತೆರಿಗೆ ವರ್ಷಕ್ಕೆ 191.73 ಯೂರೊ. ಲೆಕ್ಕ ಹಾಕಿಯೇ ಮಾಡಿಸಿ. ಎರಡು ಲೀಟರಿನ ಪೆಟ್ರೋಲ್ ಕಾರು ಹೊಗೆಯ ಮಾನದಂಡದಲ್ಲಿ ‘ಯೂರೊ 1’ ಮಟ್ಟದ್ದಾದರೆ, ಪ್ರತಿ 100 ಸಿಸಿಗೆ 15.13 ಯೂರೊದಂತೆ ಸುಮಾರು 302 ಯೂರೊ ತೆರಿಗೆ, ಎಚ್ ಲಾಭ. ಹಿಂದಿನ ಮಾಲೀಕರು ಭಾಗ ಜೋಡಿಸಿ ಯೂರೊ 2ಕ್ಕೆ ಏರಿಸಿದ್ದರೆ 7.36 ಯೂರೊದಂತೆ ಸುಮಾರು 147. ಆಗ ಎಚ್‌ನಿಂದ ತೆರಿಗೆ ಉಳಿಯುವುದಿಲ್ಲ. ಆದರೆ ನಗರಗಳ ಪರಿಸರ ವಲಯದೊಳಗೆ, ಕಡಿಮೆ ಹೊಗೆಯ ಕಾರಿಗೆ ಕೊಡುವ ಹಸಿರು ಸ್ಟಿಕ್ಕರ್ ಇಲ್ಲದೆ ಹೋಗುವ ಅನುಕೂಲ ಎಚ್ ಕಾರಿಗಿದೆ.

ಬಿಡಿಭಾಗಕ್ಕೆ ಸಂಬಂಧವೆಂದರೆ, ಪರೀಕ್ಷಕರು ಕಾರು ತನ್ನ ಕಾಲದ ರೂಪದಲ್ಲಿದೆಯೇ ಎಂದು ನೋಡುತ್ತಾರೆ. ಸವೆಯುವ ಭಾಗ ಹೊಸದಾಗಿದ್ದರೆ ಅಡ್ಡಿಯಿಲ್ಲ. ಈ ಕಾಲದ ದೊಡ್ಡ ಚಕ್ರ, ಎಲ್‌ಇಡಿ ದೀಪ ಹಾಕಿಸಿದ್ದರೆ ತಕರಾರು ಬರುತ್ತದೆ. ಆದ್ದರಿಂದ ಬದಲಿಸಿದಾಗ ತೆಗೆದ ಹಳೆಯ ಭಾಗವನ್ನು, ಅದು ಚೆನ್ನಾಗಿದ್ದರೆ, ಎಸೆಯಬೇಡಿ.

ನನ್ನದು ಜಪಾನಿ ಕಾರು. ಇದೇ ದಾರಿಯೇ?

ಹೌದು. ಟೊಯೊಟಾ ಸಂಖ್ಯೆಯಲ್ಲಿ ಐದೈದರ ಎರಡು ಗುಂಪುಗಳಿವೆ: ಮೊದಲ ಐದು ಅಂಕಿಗಳು ಅದು ಯಾವ ಭಾಗವೆಂದು, ಉಳಿದ ಐದು ಯಾವ ಕಾರಿನ ಯಾವ ಬಗೆ ಎಂದು ಹೇಳುತ್ತವೆ. ಬ್ರಿಟನ್ನಿನಲ್ಲಿ ಹಳೆಯ ಜಪಾನಿ ಕಾರುಗಳ ಭಾಗ ಹೇರಳ, ಆದರೆ ಅಲ್ಲಿನವೂ ಬಲ ಸ್ಟೀರಿಂಗಿನವು ಎಂಬುದು ನೆನಪಿರಲಿ.

ಮೊದಲೇ ಕೊಂಡಿಟ್ಟುಕೊಳ್ಳಬೇಕಾದ ಭಾಗಗಳಿವೆಯೇ?

ಇವೆ. ಸವೆಯುವ ಭಾಗಗಳನ್ನು ಕೂಡಿಡಬೇಡಿ, ಅವು ಸಿಗುತ್ತಲೇ ಇರುತ್ತವೆ. ರಬ್ಬರ್ ಅಂತೂ ಕಪಾಟಿನಲ್ಲೇ ಮುದಿಯಾಗುತ್ತದೆ. ಒಡೆದರೆ ಮತ್ತೆ ಸಿಗದಂಥದ್ದನ್ನು ಕಂಡಲ್ಲಿ ಕೊಳ್ಳಿ: ಇಂಡಿಕೇಟರ್ ಗಾಜು, ಗ್ರಿಲ್, ಬಾಗಿಲಿನ ಒಳಹಿಡಿಕೆ, ಮೀಟರ್ ಗುಚ್ಛ, ನಿಮ್ಮ ಸೀಟಿನದೇ ಬಣ್ಣದ ಬಟ್ಟೆ. ನನ್ನ ನೆಲಮಾಳಿಗೆಯಲ್ಲಿ ಒಂದು ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ ಇದೆ. ಪ್ರತಿ ಭಾಗಕ್ಕೂ ದಾರ ಕಟ್ಟಿ, ಚೀಟಿಯಲ್ಲಿ ಸಂಖ್ಯೆ, ತಂದ ದಿನ, ಕೊಟ್ಟ ಬೆಲೆ ಬರೆದಿದ್ದೇನೆ. ಕಳೆದ ಚಳಿಗಾಲದಲ್ಲಿ ಬಲಗಡೆಯ ಇಂಡಿಕೇಟರ್ ಗಾಜು ಒಡೆದಾಗ ಚೀಟಿ ಓದಿ, ಸಂಖ್ಯೆ ತಾಳೆ ನೋಡಿ, ಹತ್ತು ನಿಮಿಷದಲ್ಲಿ ಬದಲಿಸಿದೆ. ಆ ಗಾಜನ್ನು ಆರು ವರ್ಷಗಳ ಹಿಂದೆ ಮಾನ್‌ಹೈಮ್ ಸಂತೆಯಲ್ಲಿ ಎಂಟು ಯೂರೊ ಕೊಟ್ಟು ತಂದಿದ್ದೆ.